ಸರಿಯುವ ಗೋಡೆಯ ಹಿಡಿಕೆ ಯಾರ ಕೈಯಲ್ಲಿ?

ನುಂಗಂಬಾಕ್ಕದ ದೊಡ್ಡ ಹೋಟೆಲುಗಳಲ್ಲಿ ದುಡಿಯುವ ನಮ್ಮ ಸೋದರರಿಗೆ ಸರಿಯುವ ಗೋಡೆಯೆಂದರೇನೆಂದು ನಾನು ಹೇಳಬೇಕಾದುದಿಲ್ಲ. ಬೆಳಿಗ್ಗೆ ಯಾವುದೋ ಕಂಪೆನಿಯ ಸಭೆ, ಸಂಜೆ ಎರಡು ಮದುವೆಗಳ ಆರತಕ್ಷತೆ. ನಡುವೆ ಸಿಗುವ ಒಂದೆರಡು ಗಂಟೆಯಲ್ಲಿ ಮೇಜು ಎತ್ತಿ, ಕುರ್ಚಿ ಹೊತ್ತು, ಒಂದು ಹಾಲನ್ನು ಎರಡಾಗಿ ಮಾಡುವವರು ಅವರೇ ಅಲ್ಲವೆ?

ಗಿರಣಿಯ ಸೋದರರಿಗಾಗಿ ಎರಡು ಮಾತು. ಚಾವಣಿಯ ತೊಲೆಗೆ ಒಂದು ಹಳಿ ಬಿಗಿದಿರುತ್ತದೆ. ಸಣ್ಣ ಗಾಲಿಗಳಿಂದ ಬಾಗಿಲಿನಂಥ ದಪ್ಪ ಹಲಗೆಗಳು ಆ ಹಳಿಯಲ್ಲಿ ತೂಗುತ್ತವೆ. ಒಂದೊಂದನ್ನೇ ತಳ್ಳಿ ತಂದು ಸಾಲಾಗಿ ನಿಲ್ಲಿಸಿ, ಅಂಚಿನ ತೂತಿಗೆ ಹಿಡಿಕೆ ಹಾಕಿ ತಿರುಗಿಸಿದರೆ, ಒಳಗಿನಿಂದ ರಬ್ಬರು ಪಟ್ಟಿ ಹೊರಬಂದು ಕೆಳಗೆ ನೆಲವನ್ನೂ ಮೇಲೆ ಹಳಿಯನ್ನೂ ಒತ್ತಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ, ಹಲಗೆಗಳನ್ನು ಮೂಲೆಯ ಗೂಡಿಗೆ ತಳ್ಳಿಬಿಡುವುದು. ಒಳ್ಳೆಯ ಗೋಡೆಯಾದರೆ ಈಚೆಯ ಮಾತು ಆಚೆಗೆ ಕೇಳದು. ತವಿಲು ಬಾರಿಸಿದರೆ ಮಾತ್ರ ಯಾವ ಹಲಗೆಯೂ ಸಾಲದು!

ಅತಿಥಿಗಳ ಹಾಲ್‌ಗಾಗಿ ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದ ಮಾಲಿಕರು, ಅದೇ ಕಟ್ಟಡದ ಮಹಡಿಯಲ್ಲಿ ನಾವು ಮಲಗುವ ಚಾವಡಿಗಾಗಿ ಒಂದು ಪರದೆಯಷ್ಟಾದರೂ ಯೋಚಿಸಿದ್ದಾರೆಯೆ ಎಂಬುದೇ ನನ್ನ ಪ್ರಶ್ನೆ.

ನಾನು ಸಪ್ಲೈಯರ್ ಆಗಿದ್ದ ಒಂದು ಹೋಟೆಲಿನಲ್ಲಿ ಮೂವತ್ತೆಂಟು ಜನ ಒಂದೇ ಚಾವಡಿಯಲ್ಲಿ ಮಲಗುತ್ತಿದ್ದೆವು. ರಾತ್ರಿ ಪಾಳಿಯವನು ಪಾತ್ರೆ ತೊಳೆದು ಒಂದು ಗಂಟೆಗೆ ಬರುವನು. ಹಿಟ್ಟು ರುಬ್ಬುವವನು ಮೂರೂವರೆಗೆ ಏಳುವನು. ಇಬ್ಬರಿಗೂ ದೀಪ ಬೇಕು. ಮಧ್ಯಾಹ್ನ ಬಿಡುವಿದ್ದವನು ಊರಿಗೆ ಫೋನು ಹಚ್ಚಿ ಗಟ್ಟಿಯಾಗಿ ಮಾತಾಡುವನು. ಅದು ತಪ್ಪೆನ್ನಲು ಬರುವುದಿಲ್ಲ. ಹೆಂಡತಿ ಮಕ್ಕಳೊಡನೆ ಅವನು ಬೇರೆಲ್ಲಿ ಮಾತಾಡಬೇಕು? ಆದರೆ ಪಕ್ಕದ ಚಾಪೆಯವನಿಗೆ ನಿದ್ದೆಯಿಲ್ಲ. ನಿದ್ದೆಗೆಟ್ಟವನ ಕೈ ಕಾದ ಬಾಣಲೆಗೆ ತಾಗಿದರೆ ‘ಅಜಾಗರೂಕತೆ’ ಎಂದು ಬರೆದುಕೊಳ್ಳುತ್ತಾರೆ.

ಕಾನೂನು ಏನು ಮಾಡಿತು? 1948ರ ಕಾರ್ಖಾನೆ ಕಾಯಿದೆಯ 47ನೆಯ ಕಲಮು, 150ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಬೆಳಕು ಗಾಳಿಯುಳ್ಳ ವಿಶ್ರಾಂತಿ ಕೋಣೆ ಇರತಕ್ಕದ್ದೆಂದು ಬರೆದಿತ್ತು. ಅದು ಗಿರಣಿಯವರ ಪಾಲಿಗೆ ಬಂದ ಮಾತು. ಹೋಟೆಲನ್ನಾದರೋ 1976ರ ತಿದ್ದುಪಡಿಯು ‘ಕಾರ್ಖಾನೆ’ ಎಂಬ ಪದದ ಅರ್ಥದಿಂದಲೇ ಹೊರಗೆ ಕಳುಹಿಸಿತು. ನಿಂತೇ ದುಡಿಯುವ ಅಂಗಡಿ ನೌಕರನಿಗೆ ಕುಳಿತುಕೊಳ್ಳಲು ಆಸನ ಕೊಡಬೇಕೆಂದು ತಮಿಳುನಾಡು ಸರಕಾರ ಕಾನೂನು ಮಾಡಿದ್ದು 2021ರಲ್ಲಿ. ಕೂರುವ ಹಕ್ಕು ಬರಲು ಇಷ್ಟು ಕಾಲ ಹಿಡಿದ ಮೇಲೆ, ಮಲಗುವ ಹಕ್ಕನ್ನು ನಾವೇ ಕೇಳದೆ ಯಾರೂ ತಂದುಕೊಡಲಾರರು.

ಕೇಳುವಾಗ ತಿಳಿದು ಕೇಳಬೇಕು. ಬಟ್ಟೆಯ ಪರದೆ ಬೆಳಕನ್ನು ತಡೆದೀತೇ ಹೊರತು ಸದ್ದನ್ನಲ್ಲ. ಗಾಲಿಯ ಮೇಲಿನ ಆಳೆತ್ತರದ ತಟ್ಟಿಯೂ ಹಾಗೆಯೇ. ಸದ್ದು ಅದರ ತಲೆಯ ಮೇಲಿಂದ ಹಾರಿ ಬರುತ್ತದೆ. ಗೋಡೆಯ ನೂರರಲ್ಲಿ ಒಂದು ಪಾಲು ಸಂದು ಉಳಿದರೆ, ಎಷ್ಟೇ ಬೆಲೆಯ ಹಲಗೆಯಾದರೂ ಅದರ ತಡೆಯುವ ಶಕ್ತಿ 20 ಡೆಸಿಬೆಲ್ ಸುಮಾರಿಗೆ ಇಳಿಯುತ್ತದೆಂದು ಶಬ್ದಶಾಸ್ತ್ರ ಬಲ್ಲವರು ಲೆಕ್ಕ ಹಾಕಿದ್ದಾರೆ. ಅಂದರೆ ಆಚೆಯವನ ಮಾತು ಪದ ಪದವಾಗಿ ಕೇಳುತ್ತದೆ. ಆದುದರಿಂದ ಗೋಡೆ ನೆಲದಿಂದ ನಿಜವಾದ ಚಾವಣಿಯವರೆಗೆ ಮುಟ್ಟಬೇಕು. ಕೆಳಗೆ ಇಳಿಬಿಟ್ಟ ಸುಳ್ಳು ಚಾವಣಿಗೆ ಮುಟ್ಟಿದರೆ ಸಾಲದು. ತೂಕ ಹೊರುವ ತೊಲೆ ಇದೆಯೇ ಎಂದು ಇಂಜಿನಿಯರರು ನೋಡಬೇಕು. ಮದರಾಸಿನ ಮೇ ತಿಂಗಳ ಸೆಕೆಯಲ್ಲಿ ಗಾಳಿ ಕಟ್ಟಿದ ಚಾವಡಿ ಒಲೆಯಾದೀತು. ಎರಡು ಕಡೆಯೂ ಕಿಟಕಿ, ಫ್ಯಾನು, ಪ್ರತ್ಯೇಕ ಸ್ವಿಚ್ಚು ಬೇಕು.

ಎಲ್ಲಕ್ಕೂ ಮೊದಲು ಎರಡು ಕಡೆಯೂ ಬಾಗಿಲು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ತಪ್ಪಿಸಿಕೊಳ್ಳಲು ಇದ್ದದ್ದು ಕಿರಿದಾದ ಮೆಟ್ಟಿಲು. ಹೊರಹೋಗುವ ದಾರಿಯನ್ನು ಮುಚ್ಚುವ ಗೋಡೆ ನಮಗೆ ಬೇಡ.

ಇನ್ನು ನನ್ನನ್ನು ಹೆಚ್ಚು ಕಾಡುವ ಮಾತು. ನಮ್ಮ ಉಡುಪಿ ಹೋಟೆಲಿನ ಚರಿತ್ರೆಯಲ್ಲಿ ಅಡ್ಡಗೋಡೆಗೆ ಒಳ್ಳೆಯ ಹೆಸರಿಲ್ಲ. ಬ್ರಾಹ್ಮಣರಿಗೆ ಒಂದು ಕೋಣೆ, ಉಳಿದವರಿಗೆ ಇನ್ನೊಂದು ಎಂಬ ಏರ್ಪಾಡು ಈ ಊರಿನಲ್ಲಿ ಇತ್ತು. ರೈಲ್ವೆಯ ಉಪಾಹಾರ ಕೋಣೆಗಳಲ್ಲಿ ಆ ಭೇದ ನಿಂತದ್ದು 1941ರಲ್ಲಿ. 1950ರ ಸಂವಿಧಾನದ 15ನೆಯ ವಿಧಿಯು ಹೋಟೆಲಿನ ಬಾಗಿಲಲ್ಲಿ ಜಾತಿ ಕೇಳಕೂಡದೆಂದಿತು. ಅದಾದ ಮೇಲೂ, 1957ರಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಫಲಕದಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ಪೆರಿಯಾರರ ಅನುಯಾಯಿಗಳು ತಿಂಗಳುಗಟ್ಟಲೆ ಪ್ರತಿಭಟಿಸಿ ಜೈಲು ಸೇರಬೇಕಾಯಿತು.

ಈಗ ನಮ್ಮ ಚಾವಡಿಯಲ್ಲಿ ಕುಂದಾಪುರದವನ ಪಕ್ಕ ತಿರುನೆಲ್ವೇಲಿಯವನು, ಅವನ ಪಕ್ಕ ಒಡಿಶಾದವನು, ಅಸ್ಸಾಮಿನವನು ಮಲಗುತ್ತಾನೆ. ಗೋಡೆ ಬಂದ ಮರುದಿನವೇ ‘ಕನ್ನಡದವರೆಲ್ಲ ಈ ಕಡೆ, ಹಿಂದಿಯವರು ಆ ಕಡೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಲಿಕನೇ ಹೇಳಬೇಕೆಂದಿಲ್ಲ, ನಮ್ಮವರೂ ಹೇಳಿಯಾರು. ಅದಕ್ಕೆ ನಾನು ಒಪ್ಪಲಾರೆ. ವಿಭಾಗ ಪಾಳಿಯ ಪ್ರಕಾರ ಆಗತಕ್ಕದ್ದು: ರಾತ್ರಿ ದುಡಿದವರು ಒಂದು ಕಡೆ, ಹಗಲಿನವರು ಇನ್ನೊಂದು ಕಡೆ. ಪಾಳಿ ಬದಲಾದರೆ ಚಾಪೆಯೂ ಬದಲಾಗಲಿ.

ಆಗ ಹಿಡಿಕೆ ಯಾರ ಕೈಯಲ್ಲಿರಬೇಕು? ಮ್ಯಾನೇಜರರ ಕೈಯಲ್ಲಿದ್ದರೆ, ಹಬ್ಬ ಬಂತೆಂದು ಗೋಡೆಯನ್ನು ಸರಿಸಿ ಒಂದು ಕಡೆ ಅಕ್ಕಿ ಮೂಟೆ ಒಟ್ಟುತ್ತಾರೆ. ಹಬ್ಬ ಹೋದರೂ ಮೂಟೆ ಹೋಗುವುದಿಲ್ಲ. ಹಿಡಿಕೆ ಚಾವಡಿಯೊಳಗೇ, ಮಲಗುವವರು ಆರಿಸಿದ ಇಬ್ಬರ ವಶದಲ್ಲಿರಲಿ. ವಾರಕ್ಕೊಂದು ಸಂಜೆ ಗೋಡೆಯನ್ನು ಪೂರ್ತಿ ಸರಿಸಿ ಎಲ್ಲರೂ ಒಟ್ಟಿಗೆ ಕುಳಿತು ಮಾತಾಡುವಂತಿರಬೇಕು; ಸರಿಯುವ ಗೋಡೆಯನ್ನು ಕೇಳುವುದೇ ಅದಕ್ಕಾಗಿ, ಇಟ್ಟಿಗೆಯ ಗೋಡೆ ಇನ್ನೂ ಅಗ್ಗವಾದೀತು.

ಮುಂದಿನ ಬೇಡಿಕೆಯ ಪಟ್ಟಿಯಲ್ಲಿ ಇದನ್ನು ಸೇರಿಸಲು ಬರಿಯ ಮಾತು ಸಾಲದು. ನಿಮ್ಮ ಚಾವಡಿಯ ಉದ್ದ, ಅಗಲ, ಎತ್ತರ, ಬಾಗಿಲೆಷ್ಟು, ಕಿಟಕಿಯೆಷ್ಟು, ಫ್ಯಾನೆಷ್ಟು, ಮಲಗುವವರೆಷ್ಟು, ಯಾರು ಯಾವ ಪಾಳಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಕಚೇರಿಗೆ ತನ್ನಿ. ಅಳೆಯುವ ಟೇಪು ಇಲ್ಲದವರು ಚಾಪೆಯಿಂದ ಅಳೆದು ತಂದರೂ ಸರಿಯೆ.