ಕೀಳುವ ಕೈ, ನೆಡುವ ಕೈ

ಮರ ಕಡಿಯುವುದು ಪಾಪ, ಮರ ನೆಡುವುದು ಪುಣ್ಯ ಎಂಬ ಮಾತನ್ನು ಕೇಳದ ವಿದ್ಯಾರ್ಥಿ ಇರಲಾರನು. ಮಾತು ಒಳ್ಳೆಯದೇ. ಎತ್ತಿದ ಕೊಡಲಿಯನ್ನು ತಡೆಯಲು ಅಂಥದೊಂದು ಮಾತು ಬೇಕಾಗಿಯೂ ಇದೆ. ಆದರೆ ವಿಚಾರ ಮಾಡದೆ ಅದನ್ನು ಹಿಡಿದುಕೊಂಡರೆ, ನೆಟ್ಟ ಮರ ಯಾವುದು, ಎಲ್ಲಿ ನೆಟ್ಟದ್ದು, ಯಾರಿಗಾಗಿ ನೆಟ್ಟದ್ದು ಎಂಬ ಪ್ರಶ್ನೆಗಳೇ ಏಳುವುದಿಲ್ಲ. ನಾಲ್ಕು ಗುಂಟೆಯ ಹಿತ್ತಿಲನ್ನು ನೀಲಗಿರಿಯೂ ಬಳ್ಳಾರಿ ಜಾಲಿಯೂ ತುಂಬಿಕೊಂಡು, ಮನೆಯವರು ಒಂದು ನಿಂಬೆಹಣ್ಣಿಗೂ ಸಂತೆಗೆ ಹೋಗಬೇಕಾದರೆ, ಆ ಹಸಿರನ್ನು ಹೊಗಳುತ್ತ ಕೂರುವುದು ವಿವೇಕವಲ್ಲ.

ನೀಲಗಿರಿ ಆಸ್ಟ್ರೇಲಿಯದ ಮರ. ಸುಬಾಬುಲ್ ಮತ್ತು ಬಳ್ಳಾರಿ ಜಾಲಿಗಳು ಅಮೆರಿಕ ಖಂಡದಿಂದ ಬಂದವು. ಹೊರಗಿನಿಂದ ಬಂದದ್ದೇ ಇವುಗಳ ದೋಷವೆಂದು ಯಾರಾದರೂ ವಾದಿಸಿದರೆ ಆ ವಾದ ನಿಲ್ಲುವುದಿಲ್ಲ. ಸೀಬೆ, ಸಪೋಟ, ಸೀತಾಫಲಗಳು ಬಂದದ್ದೂ ಅದೇ ಅಮೆರಿಕ ಖಂಡದಿಂದಲೇ. ಅವುಗಳನ್ನು ಇಂದು ಪರದೇಶದವೆಂದು ಯಾರೂ ಭಾವಿಸುವುದಿಲ್ಲ. ಸುಬಾಬುಲ್ ಸೊಪ್ಪು ದನಕ್ಕೆ ಮೇವು. ಜಾಲಿಯ ಕಟ್ಟಿಗೆ ಎಷ್ಟೋ ಬಡವರ ಒಲೆಯನ್ನು ಉರಿಸಿದೆ. ಬಯಲಿನಲ್ಲಿ ಉಪಕಾರಿಯಾದದ್ದು ಹಿತ್ತಿಲಿನಲ್ಲಿ ಉಪದ್ರವವಾಗುತ್ತದೆ ಎಂಬುದಷ್ಟೇ ಇಲ್ಲಿಯ ಮಾತು. ಸುಬಾಬುಲ್ ಒಂದು ಮರವಿದ್ದರೆ ಸಾಕು, ಪ್ರತಿ ಮಳೆಗೂ ಅದರ ಬುಡದಲ್ಲಿ ನೂರಾರು ಸಸಿಗಳೇಳುತ್ತವೆ. ಜಾಲಿಯ ಮುಳ್ಳಿನ ನಡುವೆ ಮಕ್ಕಳು ಕಾಲಿಡುವಂತಿಲ್ಲ.

ಬೇಡದ ಗಿಡವನ್ನು ಕಿತ್ತು ಬೇಕಾದ ಗಿಡವನ್ನು ನೆಡುವ ಕಾರ್ಯಕ್ಕೆ ಕರ್ನಾಟಕದಲ್ಲಿ ಒಂದು ಇತಿಹಾಸವೇ ಉಂಟು. 1987ರ ನವೆಂಬರ್ 14ರಂದು, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ಹಳ್ಳಿಗರು ಒಂದುಗೂಡಿದರು. ಅವರು ಮೇವಿಗೂ ಸೌದೆಗೂ ಬಳಸುತ್ತಿದ್ದ ನೆಲದಲ್ಲಿ, ಕಾರ್ಖಾನೆಗೆ ಬೇಕಾದ ತಿರುಳಿಗಾಗಿ ನೀಲಗಿರಿಯನ್ನು ಬೆಳೆಸಲಾಗಿತ್ತು. ಅವರು ನೀಲಗಿರಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿಯೇ ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಆ ಸತ್ಯಾಗ್ರಹಕ್ಕೆ ‘ಕಿತ್ತಿಕೊ-ಹಚ್ಚಿಕೊ’ ಎಂದು ಹೆಸರು. ಆ ಸೀಮೆಯ ಮಾತಿನಲ್ಲಿ ಗಿಡ ಹಚ್ಚುವುದು ಎಂದರೆ ನೆಡುವುದು. ಎರಡು ಕ್ರಿಯಾಪದಗಳನ್ನು ಜೋಡಿಸಿದ ಈ ಹೆಸರಿನಲ್ಲಿ ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಅರ್ಥವಿಲ್ಲ. ಕಿತ್ತು ಸುಮ್ಮನಾದವನು ನೆಲವನ್ನು ಬೋಳು ಮಾಡಿದನಷ್ಟೆ. ಮುಂದೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಕಾನೂನು ಸಹ ಎಲ್ಲ ಮರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿರುವ ಪ್ರದೇಶಗಳಲ್ಲಿ, ಸ್ವಂತ ನೆಲದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್‌ಗಳಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ.

ಇನ್ನು ಕೀಳುವ ಬಗೆ. ಇಂದು ಯಂತ್ರವನ್ನು ತರಿಸಿದರೆ ಹಿತ್ತಿಲು ಒಂದೇ ಗಂಟೆಯಲ್ಲಿ ಬರಿದಾಗುತ್ತದೆ. ಆದರೆ ಯಂತ್ರವು ಬೇಕಾದದ್ದು ಬೇಡವಾದದ್ದು ಎಂದು ನೋಡುವುದಿಲ್ಲ. ಅಡಿಯ ಗೊರಸು ಮಣ್ಣು ಮೇಲೆ ಬರುತ್ತದೆ, ಮೇಲಿನ ಫಲವತ್ತಾದ ಮಣ್ಣು ಅಡಿಗೆ ಸೇರುತ್ತದೆ, ಪಕ್ಕದ ಬೇವಿನ ಬೇರು ಹರಿಯುತ್ತದೆ. ಬುಡಕ್ಕೆ ವಿಷ ಸುರಿಯುವವರೂ ಇದ್ದಾರೆ. ನಾಳೆ ತಿನ್ನುವ ಹಣ್ಣು ಬೆಳೆಯಬೇಕಾದ ನೆಲಕ್ಕೆ ಇಂದು ವಿಷವುಣಿಸುವುದು ಎಂಥ ಜಾಣತನವೋ!

ಗುದ್ದಲಿ, ಹಾರೆ, ಕೊಡಲಿಗಳ ಕೆಲಸ ನಿಧಾನ. ಆ ನಿಧಾನವೇ ಅದರ ಗುಣ. ಬುಡದ ಸುತ್ತ ಅಗೆಯುವವನಿಗೆ ಮಣ್ಣು ಎಷ್ಟು ಆಳದವರೆಗೆ ಮೆತ್ತಗಿದೆ, ಎಲ್ಲಿ ಕಲ್ಲು ಸಿಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಸುಬಾಬುಲ್ ಸಸಿಗಳನ್ನು ಮಳೆ ಬಿದ್ದು ನೆಲ ನೆನೆದಾಗ ಕೈಯಿಂದಲೇ ಕೀಳಬಹುದು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಬದಲಿಗೆ ಹತ್ತು ಚಿಗುರು ಬರುತ್ತವೆ. ನೆಲದೊಳಗೆ ಸುಮಾರು ಒಂದು ಅಡಿಯಷ್ಟು ಕೆಳಗೆ ಬೇರನ್ನು ಕತ್ತರಿಸಿ ಬುಡವನ್ನೇ ಎತ್ತಿ ತೆಗೆಯಬೇಕು. ನೀಲಗಿರಿಯ ಬೊಡ್ಡೆಯೂ ಹಾಗೆಯೇ ಚಿಗುರುತ್ತದೆ. ಅದನ್ನು ಅಗೆದು ತೆಗೆಯಲಾಗದಿದ್ದರೆ, ಚಿಗುರನ್ನು ಬಂದಂತೆಲ್ಲ ಮುರಿಯುತ್ತ ಅದರ ಕಸುವು ಮುಗಿಯುವವರೆಗೆ ಕಾಯಬೇಕು. ಗೋಡೆಗೆ, ವಿದ್ಯುತ್ ತಂತಿಗೆ ಬಾಗಿದ ದೊಡ್ಡ ಮರವನ್ನು ಮಾತ್ರ ಬಲ್ಲವರಿಗೆ ಬಿಡುವುದೇ ಸರಿ. ಅಲ್ಲಿ ಹುಡುಗರ ಸಾಹಸ ಸಲ್ಲದು.

ಒಂದೇ ವರ್ಷದಲ್ಲಿ ಎಲ್ಲವನ್ನೂ ಕೀಳುವುದೂ ತಪ್ಪು. ವರ್ಷಕ್ಕೆ ಒಂದೆರಡು ಬುಡ ಸಾಕು. ಉಳಿದ ಮರಗಳ ನೆರಳಿನಲ್ಲಿ ಎಳೆಯ ಸಸಿ ಮೊದಲ ಬೇಸಗೆಯನ್ನು ದಾಟುತ್ತದೆ; ಹಕ್ಕಿಗಳು ಗೂಡನ್ನು ಬದಲಾಯಿಸಲು ಅವಕಾಶ ಸಿಗುತ್ತದೆ. ಹಣ್ಣು ಕೊಡದ ಮರವೆಲ್ಲ ಬೇಡದ ಮರವೆಂದು ತಿಳಿಯುವುದಂತೂ ಶುದ್ಧ ಅವಿವೇಕ. ಹೊಂಗೆಯ ನೆರಳಿಗೆ, ಬೇವಿನ ಗಾಳಿಗೆ ಬೆಲೆ ಕಟ್ಟಿದವರಾರು? ಅವು ಇದ್ದಲ್ಲಿಯೇ ಇರಲಿ.

ಬುಡ ತೆಗೆದ ಗುಂಡಿಯಿಂದ ಹಳೆಯ ಬೇರಿನ ಚೂರುಗಳನ್ನು ಆರಿಸಿ ತೆಗೆಯಬೇಕು; ಇಲ್ಲವಾದರೆ ಅವು ಗೆದ್ದಲನ್ನು ಕರೆಯುತ್ತವೆ. ಬೇಸಗೆಯ ಬಿಸಿಲಿಗೆ ಗುಂಡಿ ತೆರೆದಿರಲಿ. ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಿ, ಮುಂಗಾರು ಹಿಡಿದ ಮೇಲೆ ಸಸಿಯನ್ನು ನೆಡಬೇಕು. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಗಂಟಿನ ಕೆಳಗೆ ಬಂದ ಚಿಗುರನ್ನು ಚಿವುಟಬೇಕು. ಅಂತರದ ವಿಷಯದಲ್ಲಿ ಆಸೆಬುರುಕತನ ಕೆಲಸಕ್ಕೆ ಬಾರದು. ಮಾವಿಗೆ 30 ಅಡಿ, ಸೀಬೆಗೆ 20 ಅಡಿ, ಸೀತಾಫಲಕ್ಕೆ 15 ಅಡಿಯಷ್ಟಾದರೂ ಜಾಗ ಬೇಕು. ಚಿಕ್ಕ ಹಿತ್ತಿಲಿಗೆ ಒಂದು ನಿಂಬೆ, ಒಂದು ಸೀಬೆ, ಮೂಲೆಯಲ್ಲೊಂದು ನುಗ್ಗೆ ಇದ್ದರೆ ಅದೇ ಸಮೃದ್ಧಿ. ಶಾಲೆಯ ಅಂಗಳದಲ್ಲಿ ಜಾಗವಿದ್ದರೆ ನೇರಳೆ, ನೆಲ್ಲಿ, ಹಲಸುಗಳಿಗೆ ಮೊದಲ ಸ್ಥಾನ.

ಸೀಬೆ ಎರಡು ಮೂರು ವರ್ಷಗಳಲ್ಲಿ ಫಲ ಕೊಡಲಾರಂಭಿಸುತ್ತದೆ. ಬೀಜದಿಂದ ಬೆಳೆದ ಹಲಸಿಗೆ ಏಳೆಂಟು ವರ್ಷಗಳಾದರೂ ಬೇಕು. ಇಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಅದನ್ನು ಶಾಲೆಯಲ್ಲಿ ನೆಟ್ಟರೆ, ಅದರ ಮೊದಲ ತೊಳೆಯನ್ನು ತಿನ್ನುವವರು ಇಂದು ಮೊದಲನೆಯ ತರಗತಿಯಲ್ಲಿ ಸ್ಲೇಟು ಹಿಡಿದು ಕುಳಿತಿರುವ ಮಕ್ಕಳು. ಅಲ್ಲಿಯವರೆಗೆ, ಅದರಲ್ಲೂ ಮೊದಲ ಎರಡು ಬೇಸಗೆಗಳಲ್ಲಿ, ರಜೆಯ ದಿನಗಳಲ್ಲಿಯೂ ಯಾರಾದರೊಬ್ಬರು ಒಂದು ಕೊಡ ನೀರನ್ನು ಹೊತ್ತುಕೊಂಡು ಬಂದು ಅದರ ಪಾತಿಗೆ ಹೊಯ್ಯಬೇಕು.