ಗಲಭೆಯ ನಾಡಿಗೆ ಪ್ರವಾಸ: ಹೋಗಬೇಕೆ, ಬೇಡವೆ?

ನೆರೆಯ ದೇಶವೊಂದರಲ್ಲಿ ಸರ್ಕಾರ ಉರುಳಿದಾಗ ಅದರ ರಾಜತಾಂತ್ರಿಕ ಪರಿಣಾಮಗಳ ಕುರಿತು ಪತ್ರಿಕೆಗಳಲ್ಲಿ ಸಾಕಷ್ಟು ವಿಶ್ಲೇಷಣೆ ಬರುತ್ತದೆ. ಅದೇ ಹೊತ್ತಿಗೆ ಮಧ್ಯಮ ವರ್ಗದ ಅನೇಕ ಮನೆಗಳ ಜಗಲಿಯಲ್ಲಿ ಇನ್ನೊಂದು ಚರ್ಚೆ ನಡೆಯುತ್ತಿರುತ್ತದೆ. ಟಿಕೆಟ್ ಆಗಿದೆ, ಮುಂಗಡ ಕಟ್ಟಿಯಾಗಿದೆ, ನೆಂಟರಿಷ್ಟರಿಗೆಲ್ಲ ಹೇಳಿಯೂ ಆಗಿದೆ. ಈಗ ಹೋಗುವುದೋ ಬಿಡುವುದೋ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದ ಹೊಣೆ ಸಾಮಾನ್ಯವಾಗಿ ಮನೆಯಲ್ಲಿ ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನ ತಲೆಗೆ ಬರುತ್ತದೆ. ಸರ್ಕಾರದಲ್ಲಿದ್ದವನಿಗೆ ಎಲ್ಲ ದೇಶಗಳ ಸರ್ಕಾರಗಳ ಒಳಗುಟ್ಟೂ ಗೊತ್ತಿರುತ್ತದೆ ಎಂಬುದು ನಮ್ಮ ಬಂಧುಗಳ ದೃಢವಾದ ನಂಬಿಕೆ.

2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ವಿಚಾರದಲ್ಲಿ ಆದದ್ದೂ ಇದೇ. ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿರ್ಬಂಧಿಸಿತು. 8ರಂದು ಬೀದಿಗಿಳಿದ ಯುವಜನರ ಮೇಲೆ ಗೋಲಿಬಾರ್ ನಡೆದು ಒಂದೇ ದಿನ 19 ಮಂದಿ ಸತ್ತರು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನ, ಆಡಳಿತದ ಕೇಂದ್ರವಾದ ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಬೆಂಕಿಗೆ ಆಹುತಿಯಾದವು. ತ್ರಿಭುವನ್ ವಿಮಾನ ನಿಲ್ದಾಣ ಮುಚ್ಚಿತು. ಕರ್ನಾಟಕದ ಹಲವು ಪ್ರವಾಸಿಗರು ಕಠ್ಮಂಡುವಿನಲ್ಲಿ ಸಿಕ್ಕಿಕೊಂಡರು. ಹೋಟೆಲೊಂದಕ್ಕೆ ಬೆಂಕಿ ಬಿದ್ದಾಗ ಪಾರಾಗಲು ಯತ್ನಿಸಿದ ಭಾರತೀಯ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಪಶುಪತಿನಾಥನ ದರ್ಶನ ಮುಗಿಸಿ ಮರಳುತ್ತಿದ್ದ ಭಾರತೀಯ ಯಾತ್ರಿಕರ ಬಸ್ಸಿನ ಮೇಲೆ ಕಲ್ಲು ಬಿತ್ತು. ನಮ್ಮ ವಿದೇಶಾಂಗ ಸಚಿವಾಲಯ, ಪರಿಸ್ಥಿತಿ ತಿಳಿಯಾಗುವವರೆಗೆ ನೇಪಾಳ ಪ್ರಯಾಣವನ್ನು ಮುಂದೂಡಿ ಎಂದಿತು. 12ರಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಸತ್ತವರ ಒಟ್ಟು ಸಂಖ್ಯೆ ಕೊನೆಗೆ ಎಪ್ಪತ್ತನ್ನು ದಾಟಿತು.

ನನ್ನ ತಂಗಿಯ ಕುಟುಂಬದ ಆರು ಮಂದಿ ಹೊರಡಬೇಕಿದ್ದದ್ದು ಸೆಪ್ಟೆಂಬರ್ 25ಕ್ಕೆ, ದಸರಾ ರಜೆಯಲ್ಲಿ, ಹತ್ತು ದಿನಗಳ ಮಟ್ಟಿಗೆ. ತಂಗಿ, ಭಾವ, ಅವರ ಮಗ ಮತ್ತು ಸೊಸೆ, ಎಂಟು ವರ್ಷದ ಮೊಮ್ಮಗಳು, ಜೊತೆಗೆ 76 ವರ್ಷದ ಅವಳ ಅತ್ತೆ. ಪಶುಪತಿನಾಥ, ಪೋಖರಾ, ಮುಕ್ತಿನಾಥ ಅವರ ಯೋಜನೆ. ಸುದ್ದಿವಾಹಿನಿಗಳಲ್ಲಿ ಸಿಂಹ ದರ್ಬಾರ್ ಉರಿಯುತ್ತಿದ್ದ ರಾತ್ರಿಯೇ ಸೋದರಳಿಯ ಫೋನು ಮಾಡಿದ: "ಮಾವಾ, ಹೋಯ್ಲಕ್ಕಾ, ಬ್ಯಾಡ್ದಾ? ಒಂದ್ ಮಾತ್ ಹೇಳಿ." ಕುಂದಾಪುರದ ಕಡೆಯವರು ಒಂದು ಮಾತು ಹೇಳಿ ಎಂದರೆ ಒಂದೇ ಮಾತು ಬೇಕು ಎಂದರ್ಥ. ನಾನು ಎಂಟು ದಿನ ಕಾಲಾವಕಾಶ ಕೇಳಿದೆ. ಹೊರಡುವ ದಿನಕ್ಕೆ ಇನ್ನೂ ಎರಡು ವಾರವಿರುವಾಗ ಆ ರಾತ್ರಿಯೇ ತೀರ್ಮಾನಿಸಬೇಕಾದ ಅಗತ್ಯವಿರಲಿಲ್ಲ.

ಈ ಬಗೆಯ ತೀರ್ಮಾನಗಳಲ್ಲಿ ನಾವು ಮೊದಲು ಬದಿಗಿಡಬೇಕಾದದ್ದು ಕಟ್ಟಿದ ಹಣದ ಚಿಂತೆ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ ಇದು: ಹೋದರೂ ಬಾರದ, ಬಿಟ್ಟರೂ ಬಾರದ ಹಣ ಮುಂದಿನ ನಿರ್ಧಾರಕ್ಕೆ ಆಧಾರವಾಗಬಾರದು. ಆದರೆ ಮನೆಯಲ್ಲಿ ಕುಳಿತಾಗ ಎಲ್ಲರ ಬಾಯಿಂದ ಮೊದಲು ಬರುವುದು ಅದೇ ಹಣದ ಮಾತು. ಎರಡನೆಯದಾಗಿ ಬದಿಗಿಡಬೇಕಾದದ್ದು ದೂರದರ್ಶನದ ಪರದೆ. ಉರಿಯುವ ಒಂದೇ ಕಟ್ಟಡವನ್ನು ನಲವತ್ತು ಸಲ ತೋರಿಸಿದರೆ ನಲವತ್ತು ಕಟ್ಟಡಗಳು ಉರಿದಂತೆ ಕಾಣುವುದು ಸಹಜ.

ಹಾಗಾದರೆ ಯಾವುದನ್ನು ನೋಡಬೇಕು? ಸೇವೆಯಲ್ಲಿದ್ದಾಗ ಉಪವಿಭಾಗಾಧಿಕಾರಿಯಾಗಿ 144ನೇ ಸೆಕ್ಷನ್ನಿನ ನಿಷೇಧಾಜ್ಞೆಗಳಿಗೆ ಸಹಿ ಹಾಕಿದವನು ನಾನು. 'ಪರಿಸ್ಥಿತಿ ಉದ್ವಿಗ್ನ, ಆದರೆ ನಿಯಂತ್ರಣದಲ್ಲಿದೆ' ಎಂಬ ವಾಕ್ಯವನ್ನು ಯಾರು, ಯಾವ ಹೊತ್ತಿನಲ್ಲಿ, ಯಾತಕ್ಕೆ ಬರೆಯುತ್ತಾರೆ ಎಂಬುದು ಬಲ್ಲೆ. ಕರ್ಫ್ಯೂ ಸಡಿಲಿಕೆಗೆ ಒಂದು ಕ್ರಮವಿದೆ. ಮೊದಲು ಹಾಲು ಮತ್ತು ಔಷಧಿ, ಆಮೇಲೆ ಎರಡು ಗಂಟೆ ದಿನಸಿ ಅಂಗಡಿ, ನಂತರ ಬಸ್ಸು, ಬ್ಯಾಂಕು, ಎಲ್ಲಕ್ಕೂ ಕೊನೆಗೆ ಶಾಲೆ. ಶಾಲೆ ತೆರೆಯುವ ಆದೇಶಕ್ಕೆ ಯಾವ ಅಧಿಕಾರಿಯೂ ಸುಲಭವಾಗಿ ಸಹಿ ಹಾಕುವುದಿಲ್ಲ. ಮಕ್ಕಳಿಗೆ ಏನಾದರೂ ಆದರೆ ಆತನ ಕುರ್ಚಿ ಉಳಿಯದು. ಆದ್ದರಿಂದ ಯಾವುದೇ ಊರು ನಿಜಕ್ಕೂ ತಣ್ಣಗಾಗಿದೆಯೇ ಎಂದು ತಿಳಿಯಬೇಕಾದರೆ ಮಂತ್ರಿಯ ಹೇಳಿಕೆಗಿಂತ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸುವುದು ಮೇಲು.

ವಿಚಾರಿಸಲು ದೂರ ಹೋಗಬೇಕಾಗಿಯೂ ಇರಲಿಲ್ಲ. ನಮ್ಮ ಕರಾವಳಿಯ ಹೋಟೆಲುಗಳಲ್ಲಿ ಈಗ ಮಾಣಿಯ ಕೆಲಸಕ್ಕೆ ಊರ ಹುಡುಗರು ಸಿಗುವುದು ಕಷ್ಟ; ನೇಪಾಳದವರು ಬಂದಿದ್ದಾರೆ. ತಲ್ಲೂರಿನಲ್ಲಿ ನಾನು ಬೆಳಗಿನ ಚಹಾ ಕುಡಿಯುವಲ್ಲಿಯೂ ಅಂಥವನೊಬ್ಬನಿದ್ದಾನೆ. ಒಂದೇ ವಾರದಲ್ಲಿ ಮನೆಯವರೊಂದಿಗೆ ಮಾತಾಡಿ ವರದಿ ಒಪ್ಪಿಸಿದ: ಪೇಟೆ ತೆರೆದಿದೆ, ತನ್ನ ಮಗಳು ಶಾಲೆಗೆ ಹೋಗುತ್ತಿದ್ದಾಳೆ, ದಸೈಂ ಹಬ್ಬಕ್ಕೆ ತಾನೂ ಊರಿಗೆ ಹೊರಟಿದ್ದೇನೆ. ಆದರೆ ಅವನೇ ಸೇರಿಸಿದ ಇನ್ನೊಂದು ಮಾತು ನನಗೆ ಮುಖ್ಯವೆನಿಸಿತು. ಜೈಲುಗಳಿಂದ ತಪ್ಪಿಸಿಕೊಂಡವರು ಇನ್ನೂ ಸಿಕ್ಕಿಲ್ಲ, ರಾತ್ರಿ ಬಸ್ಸು ಹತ್ತಬೇಡ ಎಂದು ಮನೆಯಲ್ಲಿ ಹೇಳಿದ್ದಾರಂತೆ. ಆ ಎರಡು ದಿನಗಳಲ್ಲಿ ನೇಪಾಳದ ಸೆರೆಮನೆಗಳಿಂದ ಓಡಿಹೋದವರ ಸಂಖ್ಯೆ 13 ಸಾವಿರಕ್ಕೂ ಹೆಚ್ಚು. ಪೊಲೀಸರ ಬಂದೂಕುಗಳೂ ಲೂಟಿಯಾಗಿದ್ದವು. ಬೀದಿಯ ಮೆರವಣಿಗೆ ನಿಂತಿತೆಂದ ಮಾತ್ರಕ್ಕೆ ಪೊಲೀಸು ವ್ಯವಸ್ಥೆ ಮತ್ತೆ ಎದ್ದುನಿಂತಿತು ಎಂದಾಗುವುದಿಲ್ಲ. ಈ ವ್ಯತ್ಯಾಸವನ್ನು ವಾಹಿನಿಗಳು ಹೇಳಿರಲಿಲ್ಲ.

ಇನ್ನು, ಗಲಭೆ ಎಂಬ ಒಂದೇ ಪದದಲ್ಲಿ ನಾವು ಹಲವು ಸಂಗತಿಗಳನ್ನು ತುಂಬಿಬಿಡುತ್ತೇವೆ. ಸಿಟ್ಟು ಯಾರ ಮೇಲೆ ಎಂಬುದು ಪ್ರವಾಸಿಗನ ಮಟ್ಟಿಗೆ ಮೊದಲ ಪ್ರಶ್ನೆಯಾಗಬೇಕು. 2000ದ ಡಿಸೆಂಬರ್‌ನಲ್ಲಿ ಹಿಂದಿ ನಟನೊಬ್ಬ ಆಡಿದನೆನ್ನಲಾದ, ಆತ ನಿರಾಕರಿಸಿದ ಮಾತಿನ ನೆಪದಲ್ಲಿ ಕಠ್ಮಂಡುವಿನಲ್ಲಿ ಗಲಭೆಯಾದಾಗ ಭಾರತೀಯರ ಅಂಗಡಿಗಳೇ ಗುರಿಯಾಗಿದ್ದವು. ಪಶುಪತಿನಾಥ ದೇವಾಲಯದ ಪೂಜೆ ಪರಂಪರೆಯಿಂದ ದಕ್ಷಿಣದ ಭಟ್ಟರದು; ನಮ್ಮ ಕರಾವಳಿಯಿಂದ ಹೋದವರೂ ಅದರಲ್ಲಿದ್ದಾರೆ. ಮಾವೋವಾದಿಗಳು ಅದನ್ನು ವಿರೋಧಿಸಿದ ಕಾಲದಲ್ಲಿ, 2009ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕದಿಂದ ಹೊಸದಾಗಿ ನೇಮಕಗೊಂಡ ಇಬ್ಬರು ಅರ್ಚಕರ ಮೇಲೆ ಅಲ್ಲಿಯೇ ಹಲ್ಲೆ ನಡೆಯಿತು. 2025ರ ಕೋಪ ಅಂಥದ್ದಲ್ಲ. ಅದು ಅಲ್ಲಿನ ರಾಜಕಾರಣಿಗಳ ವಿರುದ್ಧವಾಗಿತ್ತು. ಭಾರತೀಯರಿಗೆ ಪೆಟ್ಟಾಗಿದ್ದು ಅವರು ಭಾರತೀಯರೆಂಬ ಕಾರಣಕ್ಕಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ಅಲ್ಲಿದ್ದರೆಂಬ ಕಾರಣಕ್ಕೆ ಎಂದು ನನ್ನ ಗ್ರಹಿಕೆ.

ಹೊರಬರುವ ದಾರಿ ಎಷ್ಟಿದೆ ಎಂಬುದು ಎರಡನೆಯ ಪ್ರಶ್ನೆ. 2008ರ ನವೆಂಬರ್ 25ರಂದು ಪ್ರತಿಭಟನಕಾರರು ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣವನ್ನು ಆಕ್ರಮಿಸಿದಾಗ ಲಕ್ಷಾಂತರ ಪ್ರಯಾಣಿಕರು ಸುಮಾರು ಒಂದು ವಾರ ಸಿಕ್ಕಿಬಿದ್ದರು. ಅವರ ಜೀವಕ್ಕೆ ಅಪಾಯವಿರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು. (ಮರುದಿನವೇ ಮುಂಬಯಿಯ ಮೇಲೆ ದಾಳಿ ನಡೆದದ್ದರಿಂದ, ಆ ವಾರ ಬ್ಯಾಂಕಾಕಿನಲ್ಲಿ ಸಿಕ್ಕಿಕೊಂಡ ಮುಂಬಯಿಯವರು ತಾವು ಎಲ್ಲಿದ್ದರೆ ಸುರಕ್ಷಿತ ಎಂದು ಯೋಚಿಸಿರಬಹುದು.) ನೇಪಾಳಕ್ಕೂ ನಮಗೂ ನಡುವೆ ಸುನೌಲಿ, ರಕ್ಸೌಲ್ ಮುಂತಾದ ನೆಲದ ದಾರಿಗಳಿವೆ, ಶ್ರೀಲಂಕಾಕ್ಕೆ ಅದಿಲ್ಲ. ಆದರೆ ಮುಕ್ತಿನಾಥದಂಥ, ಸಮುದ್ರಮಟ್ಟದಿಂದ 3,700 ಮೀಟರಿಗೂ ಎತ್ತರದ ಜಾಗದಲ್ಲಿದ್ದಾಗ ಗಡಿ ತೆರೆದಿದೆ ಎಂಬ ಸಮಾಧಾನದಿಂದ ಏನೂ ಪ್ರಯೋಜನವಿಲ್ಲ.

ಎಚ್ಚರಿಕೆಯ ಎಲ್ಲ ಲೆಕ್ಕಗಳನ್ನೂ ಮೀರಿದ ಘಟನೆಗಳಿವೆ ಎಂಬುದನ್ನೂ ಹೇಳಬೇಕು. 2019ರ ಏಪ್ರಿಲ್ 21ರ ಈಸ್ಟರ್ ದಿನ ಕೊಲಂಬೊದ ಸ್ಫೋಟಗಳಲ್ಲಿ ಸತ್ತವರಲ್ಲಿ, ಲೋಕಸಭಾ ಚುನಾವಣೆಯ ಕೆಲಸ ಮುಗಿಸಿ ವಿಶ್ರಾಂತಿಗೆಂದು ಹೋಗಿದ್ದ ನಮ್ಮ ರಾಜ್ಯದ ರಾಜಕೀಯ ಕಾರ್ಯಕರ್ತರಿದ್ದರು. ಶ್ರೀಲಂಕಾ ಆಗ ಶಾಂತವಾಗಿತ್ತು. ಅಲ್ಲಿಗೆ ಹೋಗಬೇಡಿ ಎಂದು ಯಾವ ಹಿರಿಯನೂ ಹೇಳುತ್ತಿರಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಹತ್ಯೆಯಾದ 26 ಮಂದಿಯಲ್ಲಿ ಘಟ್ಟದ ಮೇಲಿನ ಶಿವಮೊಗ್ಗದವರೊಬ್ಬರೂ ಇದ್ದರು. ಅವರು ಹೋದದ್ದು ಸ್ವದೇಶದ ಪ್ರವಾಸಕ್ಕೆ. ಇಂಥವುಗಳ ನೆನಪಿನಲ್ಲಿ ಎಲ್ಲಿಗೂ ಹೋಗದೆ ಕೂರುವುದು ವಿವೇಕವಲ್ಲ. ಕಣ್ಣಿಗೆ ಕಾಣುತ್ತಿರುವ ಅಪಾಯ ಮತ್ತು ಯಾರಿಗೂ ಕಾಣದ ಅಪಾಯ ಬೇರೆ ಬೇರೆ; ಮೊದಲನೆಯದನ್ನು ಮಾತ್ರ ನಾವು ಲೆಕ್ಕ ಹಾಕಬಲ್ಲೆವು.

ನಮ್ಮ ಮನೆಯ ನಿಜವಾದ ಇಕ್ಕಟ್ಟು ಇದ್ದದ್ದು ಬೇರೆಡೆ. ಕಾದು ನೋಡೋಣ ಎನ್ನುವುದು ಅರ್ಥಶಾಸ್ತ್ರಜ್ಞರ ಮೆಚ್ಚಿನ ಸಲಹೆ. ಕಾಯುವುದಕ್ಕೆ ಹೆಚ್ಚು ಖರ್ಚಿಲ್ಲವೆಂಬ ಊಹೆ ಅದರ ಹಿಂದಿದೆ. ಸೋದರಳಿಯನಿಗೆ ಅದು ನಿಜ, ಅವನಿಗಿನ್ನೂ ನಲವತ್ತು. 76ರ ಅಜ್ಜಿಗೆ 'ಮುಂದಿನ ವರ್ಷ' ಎಂಬುದು ಅಷ್ಟು ಗ್ಯಾರಂಟಿಯ ಸರಕಲ್ಲ. ಗಂಡ ಬದುಕಿದ್ದಾಗ ಹೇಳಿಕೊಂಡ ಹರಕೆ ಅದು; ಮುಪ್ಪು ತಡೆದರೆ ಆಮೇಲೆ ಸಾಧ್ಯವಾಗದೆ ಹೋಗಬಹುದು. ಕಾಯುವ ಬೆಲೆ ಎಲ್ಲರಿಗಿಂತ ಹೆಚ್ಚು ಅವರಿಗೆ. ಅದೇ ವೇಳೆ, ಅಲ್ಲಿ ಕರ್ಫ್ಯೂ ಬಿದ್ದು ಹೋಟೆಲ್ ಕೋಣೆಯಲ್ಲಿ ಒಂದು ವಾರ ಕೂರಬೇಕಾಗಿ ಬಂದರೆ ಎಲ್ಲರಿಗಿಂತ ಹೆಚ್ಚು ಕಷ್ಟವೂ ಅವರಿಗೇ. ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುವವರು ಅವರು. ಹೋಗಬೇಕಾದ ತುರ್ತು, ಹೋಗಬಾರದ ಕಾರಣ ಎರಡೂ ಒಬ್ಬರಲ್ಲೇ ಕೂಡಿದ್ದವು.

ಅವರನ್ನು ಬಿಟ್ಟು ಉಳಿದವರೆಲ್ಲ ಹೋಗಿಬರಲಿ ಎಂಬ ಸಲಹೆ ಒಂದು ದಿನ ಮನೆಯಲ್ಲಿ ಸುಳಿದಾಡಿತು. ಅವರಿಗಾಗಿಯೇ ಹೊರಟ ಯಾತ್ರೆಯಿಂದ ಅವರನ್ನೇ ಬಿಡುವುದು ನನಗೆ ಸರಿ ಕಾಣಲಿಲ್ಲ. ಇಂಥ ಚರ್ಚೆಗಳಲ್ಲಿ ಮನೆಯ ಹಿರಿಯರನ್ನು ಯಾರೂ ಕೇಳುವುದೇ ಇಲ್ಲ ಎಂಬುದನ್ನೂ ಗಮನಿಸಬೇಕು. ಅವರ ಪರವಾಗಿ ಉಳಿದವರು ಹೆದರುತ್ತಾರೆ ಅಷ್ಟೆ. ನಾನು ನೇರವಾಗಿ ಅವರನ್ನೇ ಕೇಳಿದೆ. ಮುಕ್ತಿನಾಥ ಬೇಡ, ಪೋಖರಾ ಬೇಡ, ಪಶುಪತಿನಾಥನ ದರ್ಶನವಾದರೆ ಸಾಕು ಎಂದರು. ಹತ್ತು ದಿನಗಳ ಯಾತ್ರೆ ನಾಲ್ಕು ದಿನಕ್ಕೆ ಇಳಿಯಿತು. ಹೀಗೆ ಇಳಿದ ಮೇಲೆ ನನ್ನ ಸಲಹೆ ಸುಲಭವಾಯಿತು: ಪೊಲೀಸು ವ್ಯವಸ್ಥೆ ಸುಧಾರಿಸಲು ಎರಡು ತಿಂಗಳು ಕೊಡಿ, ಮಾರ್ಚ್ 5ರ ಚುನಾವಣೆ ಘೋಷಣೆಯಾಗಿದೆ, ಅದರ ಕಾವು ಏರುವ ಮುಂಚೆ ಹೋಗಿ ಬನ್ನಿ, ಇಪ್ಪತ್ತು ದಿನಗಳ ಔಷಧಿ ಜೊತೆಗಿರಲಿ. ಅವರು ಹೋದದ್ದು ನವೆಂಬರ್‌ನಲ್ಲಿ.

ಮೊದಲ ಯೋಜನೆಯಂತೆ ಹೋಗಿದ್ದರೆ ಅವರು ಹಿಂತಿರುಗುವ ಹೊತ್ತಿಗೆ, ಅಕ್ಟೋಬರ್ 4 ಮತ್ತು 5ರಂದು, ನೇಪಾಳದಲ್ಲಿ ಭಾರೀ ಮಳೆ ಸುರಿದು ಭೂಕುಸಿತಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು, ಹೆದ್ದಾರಿಗಳು ಮುಚ್ಚಿದವು. ಬಂಧುಗಳು ಇದನ್ನು ನನ್ನ ದೂರದೃಷ್ಟಿಯ ಖಾತೆಗೆ ಜಮಾ ಮಾಡಿದ್ದಾರೆ. ನನ್ನ ಸಲಹೆಗೂ ಮಳೆಗೂ ಸಂಬಂಧವಿಲ್ಲ ಎಂದರೆ ಯಾರೂ ಒಪ್ಪುತ್ತಿಲ್ಲ. ಅವರು ಕಠ್ಮಂಡುವಿನಲ್ಲಿದ್ದಾಗಲೇ, ನವೆಂಬರ್ 19ರಂದು, ಬಾರಾ ಜಿಲ್ಲೆಯ ಸಿಮರಾದಲ್ಲಿ ಮತ್ತೆ ಘರ್ಷಣೆಯಾಗಿ ಕರ್ಫ್ಯೂ ಜಾರಿಯಾಯಿತು. ಆ ಸುದ್ದಿ ಅವರಿಗೆ ಗೊತ್ತಾದದ್ದು ತಲ್ಲೂರಿನಿಂದ ಹೋದ ಫೋನಿನಲ್ಲಿ. ಅಷ್ಟರಲ್ಲಿ ಅಜ್ಜಿಗೆ ಎರಡು ಸಲ ದರ್ಶನವಾಗಿತ್ತು.

ಇನ್ನು ಹಣದ ವಿಷಯ. ಪ್ರವಾಸ ಮುಂದೂಡಿದ್ದಕ್ಕೆ ಮತ್ತು ಮೊಟಕುಗೊಳಿಸಿದ್ದಕ್ಕೆ ಪ್ರವಾಸ ಏರ್ಪಡಿಸಿದ ಸಂಸ್ಥೆ (ಹೆಸರು ಬೇಡ) ಆರು ಮಂದಿಯ ಮುಂಗಡದಲ್ಲಿ ಮೂವತ್ತೆಂಟು ಸಾವಿರ ರೂಪಾಯಿ ಹಿಡಿದುಕೊಂಡಿತು. ಪ್ರಯಾಣ ಮುಂದೂಡಿ ಎಂದು ಭಾರತ ಸರ್ಕಾರವೇ ಹೇಳಿತ್ತಲ್ಲ ಎಂದು ಕೇಳಿದರೆ, ಅದು ಸಲಹೆ ಮಾತ್ರ, ಆದೇಶವಲ್ಲ ಎಂಬ ಉತ್ತರ ಬಂತು. ಕಾನೂನಿನ ದೃಷ್ಟಿಯಲ್ಲಿ ಅವರ ಮಾತು ಸುಳ್ಳಲ್ಲ. ವಿಮೆಯೂ ನೆರವಿಗೆ ಬರಲಿಲ್ಲ. ಪ್ರವಾಸ ವಿಮೆಯ ಪಾಲಿಸಿಗಳಲ್ಲಿ ಯುದ್ಧ, ದಂಗೆ, ಅಂತರ್ಯುದ್ಧಗಳನ್ನು ಹೊರಗಿಡುವ ಷರತ್ತು ಸಾಮಾನ್ಯ. ಐರೋಪ್ಯ ಒಕ್ಕೂಟದಲ್ಲಿ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ, ಹೋಗಬೇಕಾದ ಸ್ಥಳದಲ್ಲಿ ತಪ್ಪಿಸಲಾಗದ ಅಸಾಧಾರಣ ಪರಿಸ್ಥಿತಿ ಉಂಟಾಗಿ ಪ್ರವಾಸಕ್ಕೆ ಗಂಭೀರ ಅಡಚಣೆಯಾಗುವುದಾದರೆ ಪ್ರವಾಸಿಗ ದಂಡವಿಲ್ಲದೆ ಕರಾರಿನಿಂದ ಹೊರಬರಬಹುದು, ಕಟ್ಟಿದ ಹಣವೂ ವಾಪಸು ಬರುತ್ತದೆ. ನಮ್ಮಲ್ಲಿ ಹಾಗೆ ಸ್ಪಷ್ಟವಾದ ನಿಯಮವಿಲ್ಲ. ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್‌ನಿಂದ ಮೂಲದಲ್ಲೇ ತೆರಿಗೆ ಸಂಗ್ರಹಿಸುವ ವ್ಯವಸ್ಥೆಯನ್ನು ಸರ್ಕಾರ ತಂದಿದೆ. ಹಣ ಕಟ್ಟುವ ಕಿಟಕಿಯ ಬಳಿಯೇ ನಿಂತು ತೆರಿಗೆ ಪಡೆಯುವ ಸರ್ಕಾರಕ್ಕೆ, ತಾನೇ ಹೋಗಬೇಡಿ ಎಂದ ದಿನ ಆ ಕಿಟಕಿಯಲ್ಲಿ ಏನಾಗಬೇಕೆಂದು ಒಂದು ಸಾಲು ಬರೆಯುವುದು ಕಷ್ಟವೇನಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅನ್ಯಾಯದ ಕರಾರು ಎಂಬ ಪರಿಕಲ್ಪನೆ ಇದೆ, ನಿಜ. ನಷ್ಟಕ್ಕೆ ಹೋಲಿಸಲಾಗದಷ್ಟು ದಂಡ ವಿಧಿಸುವ ಷರತ್ತು ಅದರೊಳಗೆ ಬರುತ್ತದೆ. ಆದರೆ ಅಂಥ ದೂರನ್ನು ಉಡುಪಿಯ ಜಿಲ್ಲಾ ಆಯೋಗದಲ್ಲಿ ಕೊಡುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಮೂವತ್ತೆಂಟು ಸಾವಿರ ರೂಪಾಯಿಗಾಗಿ ತಲ್ಲೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಎಷ್ಟು ವಾಯಿದೆಗೆ ಹೋಗಬಹುದು ಎಂದು ಭಾವ ಕೇಳಿದರು. ಲೆಕ್ಕ ಹಾಕಿ ಹೇಳಿದೆ: ಆರನೆಯ ವಾಯಿದೆಗೆ ವಕೀಲರ ಶುಲ್ಕವೂ ಸೇರಿ ಆ ಮೊತ್ತ ಮುಗಿಯುತ್ತದೆ.