ತಿಂಗಳಿಗೆ 6 ಪಾಳಿಯ ದನಿ

ಬದಲಿ ಕಾರ್ಮಿಕನೆಂದರೆ ಯಾರೆಂದು ಗಿರಣಿಯ ಬಂಧುಗಳಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಬೆಳಗಾಗುತ್ತಲೇ ಗೇಟಿನ ಮುಂದೆ ನಿಲ್ಲಬೇಕು. ಕರೆದರೆ ಕೂಲಿ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ಆದರೆ ಸರಕಾರದ ಆಕಾಶವಾಣಿಯಲ್ಲಿಯೂ ಬದಲಿಗಳಿದ್ದಾರೆಂಬುದು ಎಷ್ಟು ಮಂದಿಗೆ ಗೊತ್ತು? ಮುಂಜಾನೆ ಇಂಪಾಗಿ ನಮಸ್ಕಾರ ಹೇಳುವ ಉದ್ಘೋಷಕರಲ್ಲಿ ಅನೇಕರು 'ಕ್ಯಾಜುವಲ್' ಜನ. ಅವರಿಗೆ ತಿಂಗಳಿಗೆ 6 ಪಾಳಿಗಿಂತ ಹೆಚ್ಚು ಕೊಡಬಾರದೆಂಬ ಕಟ್ಟಳೆ ವರ್ಷಗಟ್ಟಲೆ ನಡೆದುಬಂದಿದೆ. ಏಕೆ? ಏಳನೆಯದನ್ನು ಕೊಟ್ಟರೆ ನಾಳೆ ಖಾಯಂ ಮಾಡಿರೆಂದು ಕೇಳಿಯಾರೆಂಬ ಭಯವಲ್ಲದೆ ಮತ್ತೇನು! ಮಾಲೀಕರ ಈ ಯುಕ್ತಿಯನ್ನು ಸರಕಾರ ಯಾವ ಮಠದಲ್ಲಿ ಕಲಿಯಿತೋ.

ಇದು 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ತೆರೆದ ನಾಡು. ಅವರ ಆ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ರೇಡಿಯೋಗೂ ಆಯಿತು. ಹೆಸರು ಉಳಿಯಿತು, ಮಾತಾಡುವವನ ಹೊಟ್ಟೆಪಾಡು ಹೀಗಾಯಿತು.

ಖಾಸಗಿ ಎಫ್.ಎಂ.ಗೆ ಹೋಗಲಿ ಎನ್ನುವಿರಾ? ಅಲ್ಲಿ ಬಾಯಿಗೇ ಬೀಗ. 2011ರ ನಿಯಮದಂತೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ತಿದ್ದದೆ ಬಿತ್ತರಿಸಬಹುದು. ತಾನೇ ಸುದ್ದಿ ಸಂಗ್ರಹಿಸಿ ಹೇಳುವಂತಿಲ್ಲ. ನೀರು, ಕರೆಂಟುಗಳ ಸಂಗತಿಯನ್ನು ಆಡಳಿತದವರು ಕೊಟ್ಟಂತೆ ಸಾರಬಹುದು. ಅಂದರೆ ನಾಳೆ ನಲ್ಲಿಯಲ್ಲಿ ನೀರಿಲ್ಲವೆನ್ನಬಹುದು, ಪೈಪಿನ ದುಡ್ಡು ಯಾರ ಜೇಬು ಸೇರಿತೆಂದು ವರದಿ ಮಾಡುವಂತಿಲ್ಲ! ನಗರಸಭೆ ಅಂಗಡಿಗಳ ಬಾಡಿಗೆ ಇಮ್ಮಡಿ ಮಾಡಿತೆನ್ನಿ. ಅಂಗಡಿಕಾರ ಕಾಸು ಕೊಟ್ಟರೆ ಅವನ ಸೀರೆಯ ಜಾಹೀರಾತು ಬರುತ್ತದೆ, ಅವನ ಗೋಳು ಬರುವುದಿಲ್ಲ. ಗಿರಣಿಗೆ ಬೀಗ ಬಿದ್ದರೂ ಅಷ್ಟೇ.

ರೇಡಿಯೋದಲ್ಲಿ ಸುದ್ದಿ ಬಿಟ್ಟರೆ ಶಾಂತಿ ಕದಡೀತಂತೆ. ಹಗಲಿರುಳು ಕಿರಿಚುವ ಟಿ.ವಿ. ಚಾನೆಲ್ಲುಗಳಿಂದ ಕದಡದ ಶಾಂತಿ ಹಳ್ಳಿಯ ರೇಡಿಯೋದಿಂದ ಕದಡುವುದೇ? ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿರೆಂದು ಟ್ರಾಯ್ ಶಿಫಾರಸು ಮಾಡಿದ್ದು 2023ರಲ್ಲಿ. ಮಾಲೀಕರ ಕೈಯ ಎಫ್.ಎಂ. ಒಂದೇ ದಿನದಲ್ಲಿ ನಮ್ಮದಾಗದು, ಅದು ನಮಗೂ ಗೊತ್ತು. ಆದರೂ ಬಾಯಿ ಕಟ್ಟಿರುವವನಿಗಿಂತ ಬಾಯಿ ಬಿಡಬಲ್ಲವನು ಮೇಲು. ಅವನೊಡನೆ ಜಗಳವನ್ನಾದರೂ ಆಡಬಹುದು.

6 ಪಾಳಿಯ ಮಿತಿ ರದ್ದಾಗಲಿ. ವರ್ಷಗಟ್ಟಲೆ ದುಡಿದವರು ಖಾಯಮಾಗಲಿ. ಸ್ಥಳೀಯ ಸುದ್ದಿಯ ಮೇಲಣ ನಿಷೇಧ ಹೋಗಲಿ. ಆಕಾಶವಾಣಿಯ ಬದಲಿ ಬಂಧುಗಳು ಧರಣಿ ಕೂತ ದಿನ ಗಿರಣಿಯ ಬದಲಿಗಳೂ ಅವರ ಪಕ್ಕದಲ್ಲಿ ಕೂರಬೇಕು. ಈ ಮಾತನ್ನು ಮುಂದಿನ ಯೂನಿಯನ್ ಸಭೆಯಲ್ಲಿ ಎತ್ತೋಣ.